ಪಹಣಿಯ ಹಿಂದಿನ ಬಾಣಗಳು: ಡಬ್ಬಿ, ವಜ್ರ, ಗೆರೆಗಳ ಇತಿಹಾಸ

ಭಾಗ 1/10: 9ನೇ ಕಾಲಂ

ಮೊದಲ ಫೋಟೋದಲ್ಲಿರೋದು ನಮ್ಮ ಮನೆ ಪಹಣಿ. ಸರ್ವೆ ನಂಬರು, ಹೆಸರು ಎಲ್ಲಾ ಬ್ಲರ್ ಮಾಡಿದೀನಿ, ಝೂಮ್ ಮಾಡಬೇಡಿ 😄 ನೋಡಬೇಕಾಗಿರೋದು 9ನೇ ಕಾಲಂ ಒಂದೇ. ಜಮೀನು ಯಾರದ್ದು ಅಂತ ಹೇಳೋ ಕಾಲಂ ಅದು. ಅಲ್ಲಿ ಈಗಲೂ ನಮ್ಮಜ್ಜನ ಹೆಸರಿದೆ. ಅಜ್ಜ ತೀರಿಕೊಂಡು ಆರು ವರ್ಷ ಆಯ್ತು.

ಹೋದ ತಿಂಗಳು ಕ್ಲಾಸಲ್ಲಿ ಬಿಸಿನೆಸ್ ಪ್ರೋಸೆಸ್ ಡಯಾಗ್ರಾಂ ಅಂತ ಒಂದು ಅಸೈನ್‌ಮೆಂಟ್ ಕೊಟ್ರು. ಯಾವುದಾದ್ರೂ ಒಂದು ಕೆಲಸ ತಗೊಳ್ಳಿ, ಅದು ಎಲ್ಲಿ ಶುರುವಾಗಿ, ಯಾರ ಕೈ ದಾಟಿ, ಎಲ್ಲಿ ಮುಗಿಯುತ್ತೆ ಅಂತ ಚಿತ್ರ ಬರೀರಿ ಅಂದ್ರು. ಕ್ಲಾಸಲ್ಲಿ ಅರ್ಧ ಜನ ಫುಡ್ ಡೆಲಿವರಿ ಬರೆದ್ರು. ಅಂತರಘಟ್ಟೆಗೆ ಯಾರು ಬಿರಿಯಾನಿ ತಂದುಕೊಡ್ತಾರೆ? ನಾನು ಪೌತಿ ಖಾತೆ ತಗೊಂಡೆ. ಅಂದ್ರೆ ಜಮೀನಿನ ಯಜಮಾನರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋದು.

ಒಂದು ಗಂಟೆ ಕೆಲಸ ಅನ್ಕೊಂಡಿದ್ದೆ. ಮೂರು ವಾರ ಆಯ್ತು. ಬರೀತಾ ಹೋದಂಗೆ ಎರಡು ಇತಿಹಾಸ ಸಿಕ್ತು. ಒಂದು ಈ ಡಬ್ಬಿ, ಬಾಣಗಳದ್ದು. ಇನ್ನೊಂದು ನಮ್ಮ ಪಹಣಿಯದ್ದು. ಕೊನೆಗೆ ನನ್ನ ಚಿತ್ರದಲ್ಲೇ ಒಂದು ದೊಡ್ಡ ತಪ್ಪೂ ಸಿಕ್ತು. ಅದನ್ನ ಹತ್ತನೇ ಭಾಗದಲ್ಲಿ ಹೇಳ್ತೀನಿ. ಪರೀಕ್ಷೆಗೆ ಚಿಹ್ನೆಗಳು ಮಾತ್ರ ಬೇಕು ಅನ್ನೋರು 5 ಮತ್ತು 6 ಸೇವ್ ಮಾಡ್ಕೊಳ್ಳಿ.

ಭಾಗ 2/10: ಗಾರೆ ಕೆಲಸದವನ ಲೆಕ್ಕ

ಕೆಲಸವನ್ನ ಚಿತ್ರವಾಗಿ ಬರೆಯೋದು ಕಂಪ್ಯೂಟರಿಂದ ಶುರುವಾಗಿದ್ದಲ್ಲ, ಇಟ್ಟಿಗೆಯಿಂದ ಶುರುವಾಗಿದ್ದು. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಹುಡುಗನಾಗಿದ್ದಾಗ ಗಾರೆ ಕೆಲಸ ಕಲಿಯೋಕೆ ಸೇರಿದ. ಒಂದು ಇಟ್ಟಿಗೆ ಇಡೋಕೆ ಕೆಲಸದವರು 18 ಸಲ ಕೈ ಮೈ ಆಡಿಸ್ತಾರೆ ಅಂತ ಲೆಕ್ಕ ಹಾಕಿದ. ಇಟ್ಟಿಗೆನ ನೆಲದ ಮೇಲೆ ಸುರಿಯೋ ಬದಲು ಸೊಂಟದ ಎತ್ತರಕ್ಕೆ ಜೋಡಿಸಿ ಕೊಟ್ರೆ ಸಾಕು, ಬಗ್ಗೋದು ತಪ್ಪುತ್ತೆ. ಹೀಗೆ ಮಾಡ್ತಾ 18ನ್ನ 5ರ ಹತ್ತಿರಕ್ಕೆ ಇಳಿಸಿದ.

ಹೆಂಡತಿ ಲಿಲಿಯನ್ ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದವರು. ಇಬ್ಬರೂ ಸೇರಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ 'ಪ್ರೋಸೆಸ್ ಚಾರ್ಟ್' ಅನ್ನೋದನ್ನ ಮಂಡಿಸಿದ್ರು. 1924ರಲ್ಲಿ ಫ್ರಾಂಕ್ ತೀರಿಕೊಂಡ ಮೇಲೂ ಲಿಲಿಯನ್ ಆ ಕೆಲಸ ಬಿಡಲಿಲ್ಲ. 1947ರಲ್ಲಿ ಅದೇ ಸಂಘ ಎಲ್ಲರೂ ಬಳಸೋ ಥರ ಐದು ಚಿಹ್ನೆ ನಿಗದಿ ಮಾಡ್ತು: ಕೆಲಸ, ಸಾಗಣೆ, ತಪಾಸಣೆ, ಕಾಯೋದು, ದಾಸ್ತಾನು.

ನಮ್ಮ ಕಡೆ ಈರುಳ್ಳಿಗೆ ಹಾಕಿ ನೋಡಿ. ಕಿತ್ತು ಕೊಯ್ಯೋದು ಕೆಲಸ (ವೃತ್ತ). ದಪ್ಪ ಸಣ್ಣ ಬೇರೆ ಮಾಡೋವಾಗ ಕೊಳೆತಿದೆಯಾ ಅಂತ ನೋಡೋದು ತಪಾಸಣೆ (ಚೌಕ). ಶೆಡ್ಡಲ್ಲಿ ಇಡೋದು ದಾಸ್ತಾನು (ತಲೆಕೆಳಗಾದ ತ್ರಿಕೋನ). ಯಶವಂತಪುರಕ್ಕೆ ಲಾರಿ ಹೋಗೋದು ಸಾಗಣೆ (ಬಾಣ). ಅಲ್ಲಿ ಇಳಿಸೋಕೆ ಸಾಲಲ್ಲಿ ನಿಲ್ಲೋದು ಕಾಯೋದು (ಇಂಗ್ಲಿಷಿನ ಡಿ ಅಕ್ಷರ).

ಐದರಲ್ಲಿ ಈರುಳ್ಳಿಯ ಬೆಲೆ ಹೆಚ್ಚಿಸೋದು ಯಾವುದು? ಮೊದಲನೆಯದು, ಅಬ್ಬಬ್ಬಾ ಅಂದ್ರೆ ತಪಾಸಣೆ. ಉಳಿದಿದ್ದೆಲ್ಲ ಖರ್ಚು. ಗಿಲ್‌ಬ್ರೆತ್ ದಂಪತಿಗೆ ಕಾಣಿಸಬೇಕಾಗಿದ್ದು ಅದೇ. ಸಾಗಣೆ ಮತ್ತು ಕಾಯೋದಕ್ಕೆ ಅವರ ಪರಂಪರೆಯಲ್ಲಿ ಪ್ರತ್ಯೇಕ ಚಿಹ್ನೆ ಇತ್ತು ಅನ್ನೋದು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3/10: ವಜ್ರ ಬಂದಿದ್ದು

ಕಾರ್ಖಾನೆ ಚಾರ್ಟಲ್ಲಿ ಒಂದು ಕೊರತೆ ಇತ್ತು. ಈರುಳ್ಳಿ ಮುಂದೆ ಮುಂದೆ ಹೋಗುತ್ತೆ ಅಷ್ಟೇ. 'ಹೀಗಾದ್ರೆ ಈ ಕಡೆ, ಹಾಗಾದ್ರೆ ಆ ಕಡೆ' ಅನ್ನೋದು ಅದರಲ್ಲಿ ಸರಿಯಾಗಿ ಕೂರೋದಿಲ್ಲ. ಆದ್ರೆ ಆಫೀಸು ಕೆಲಸ ಅಂದ್ರೆ ಅರ್ಧಕ್ಕರ್ಧ ಅದೇ. ಅರ್ಜಿ ಸರಿ ಇದ್ರೆ ಮುಂದಕ್ಕೆ, ಇಲ್ಲದಿದ್ರೆ ವಾಪಸ್.

ಈ ಕವಲನ್ನ ಗಟ್ಟಿ ಮಾಡಿದ್ದು ಕಂಪ್ಯೂಟರ್. ಆಗ ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಅಮೆರಿಕದಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್ ಯಂತ್ರಕ್ಕೆ ಲೆಕ್ಕ ಹೇಳಿಕೊಡೋಕೆ ಫ್ಲೋ ಡಯಾಗ್ರಾಂ ಬರೆದ್ರು. ಯಂತ್ರಕ್ಕೆ ಅಂದಾಜು ಗೊತ್ತಿಲ್ಲ. ಪ್ರತಿ ಕವಲಲ್ಲೂ ಎಡಕ್ಕಾ ಬಲಕ್ಕಾ ಅಂತ ಸ್ಪಷ್ಟವಾಗಿ ಹೇಳಲೇಬೇಕು. ಮುಂದೆ ವಜ್ರದಾಕಾರ ಅಂದ್ರೆ ನಿರ್ಧಾರ, ಆಯತ ಅಂದ್ರೆ ಕೆಲಸ ಅನ್ನೋದು ಪ್ರಪಂಚದಲ್ಲೆಲ್ಲಾ ರೂಢಿಯಾಯ್ತು. ಪಿಯುಸಿಯಲ್ಲಿ ನಾವು ಬರೆದ ಫ್ಲೋಚಾರ್ಟ್ ಇದೇ ಮನೆತನದ್ದು.

ಈಗ ಇನ್ನೊಂದು ಕೊರತೆ ಬಂತು. ಫ್ಲೋಚಾರ್ಟಲ್ಲಿ 'ಏನು' ಇದೆ, 'ಯಾರು' ಇಲ್ಲ. ಪೌತಿ ಖಾತೆಯ ಫ್ಲೋಚಾರ್ಟಲ್ಲಿ 'ಪರಿಶೀಲನೆ' ಅಂತ ಒಂದು ಡಬ್ಬಿ ಬರೆದೆ ಅಂದ್ಕೊಳ್ಳಿ. ಯಾರು ಪರಿಶೀಲಿಸ್ತಾರೆ? ಅವರ ಟೇಬಲ್ಲಿಂದ ಇನ್ನೊಬ್ಬರ ಟೇಬಲ್ಲಿಗೆ ಕಾಗದ ಯಾವಾಗ ಹೋಗುತ್ತೆ? ಕೆಲಸ ನಿಲ್ಲೋದು ಸಾಮಾನ್ಯವಾಗಿ ಟೇಬಲ್ ಮೇಲಲ್ಲ, ಎರಡು ಟೇಬಲ್ ನಡುವೆ. ಆ ನಡುವಿನ ಜಾಗ ಕಾಣಿಸೋ ಚಿತ್ರ ಬೇಕಾಗಿತ್ತು.

ಭಾಗ 4/10: ಈಜುಕೊಳದ ಗೆರೆ

1990ರಲ್ಲಿ ಗೀರಿ ರಮ್ಲರ್ ಮತ್ತು ಅಲನ್ ಬ್ರಾಷ್ ಬರೆದ ಪುಸ್ತಕದಿಂದ ಈ ಚಿತ್ರ ಜನಪ್ರಿಯ ಆಯ್ತು. ಕಾಗದವನ್ನ ಈಜುಕೊಳದ ಥರ ಉದ್ದ ಪಟ್ಟಿಗಳಾಗಿ ಭಾಗ ಮಾಡೋದು, ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಯಾರ ಕೆಲಸವೋ ಅವರ ಪಟ್ಟಿಯಲ್ಲೇ ಆ ಡಬ್ಬಿ. ಹೆಸರೂ ಅದೇ, ಸ್ವಿಮ್‌ಲೇನ್. ಬಾಣ ಗೆರೆ ದಾಟಿದಾಗೆಲ್ಲ ಕೆಲಸ ಕೈ ಬದಲಾಯ್ತು ಅಂತ ಅರ್ಥ. ಗೆರೆ ದಾಟಿದ್ದು ಎಷ್ಟು ಸಲ ಅಂತ ಎಣಿಸಿದ್ರೆ ತಡ ಎಲ್ಲಾಗುತ್ತೆ ಅಂತ ಅರ್ಧ ಗೊತ್ತಾಗುತ್ತೆ.

ಅದೇ ವರ್ಷ ಮೈಕಲ್ ಹ್ಯಾಮರ್ ಅನ್ನೋರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದ್ರು. ಅದರ ಸಾರ ಇಷ್ಟು: ಹಳೇ ಸುತ್ತುಬಳಸಿನ ಪದ್ಧತಿನ ಹಾಗೇ ಕಂಪ್ಯೂಟರಿಗೆ ಹಾಕಬೇಡಿ, ಮೊದಲು ಪದ್ಧತಿನೇ ಬದಲಾಯಿಸಿ. ಬಿಸಿನೆಸ್ ಪ್ರೋಸೆಸ್ ರೀಎಂಜಿನಿಯರಿಂಗ್ ಅಂತ ನಮ್ಮ ಸಿಲಬಸ್ಸಲ್ಲಿ ಬರೋದು ಇದೇ. ಈ ಮಾತು ನಮ್ಮ ರಾಜ್ಯದಲ್ಲಿ ನಿಜವಾಗಿದ್ದು ಹೇಗೆ ಅಂತ ಎಂಟನೇ ಭಾಗದಲ್ಲಿ ನೋಡೋಣ.

ಆಮೇಲೆ ಒಂದೊಂದು ಕಂಪನಿ ಒಂದೊಂದು ಥರ ಚಿತ್ರ ಬರೆಯೋಕೆ ಶುರು ಮಾಡ್ತು. ಒಬ್ಬರದು ಇನ್ನೊಬ್ಬರಿಗೆ ಅರ್ಥ ಆಗ್ತಿರಲಿಲ್ಲ. ಅದಕ್ಕೆ ಎಲ್ಲರಿಗೂ ಒಂದೇ ಲಿಪಿ ಅಂತ 2004ರಲ್ಲಿ ಬಿಪಿಎಂಎನ್‌ನ ಮೊದಲ ಆವೃತ್ತಿ ಬಂತು. ಬರೆದವರಲ್ಲಿ ಮುಖ್ಯರು ಐಬಿಎಂನ ಸ್ಟೀಫನ್ ವೈಟ್. 2011ರಲ್ಲಿ ಎರಡನೇ ಆವೃತ್ತಿ, 2013ರಲ್ಲಿ ಐಎಸ್‌ಒ ಮಾನ್ಯತೆ. ಇವತ್ತು ನಾವು ಪರೀಕ್ಷೆಗೆ ಬರೆಯೋದು ಈ ಲಿಪಿಯ ಅಕ್ಷರಗಳನ್ನ.

ಭಾಗ 5/10: ಮೂರು ಆಕಾರ

ಎಲ್ಲಾ ಉದಾಹರಣೆ ಪೌತಿ ಖಾತೆದೇ. ಎರಡನೇ ಫೋಟೋ ನೋಡ್ಕೊಂಡು ಓದಿ.

ವೃತ್ತ ಅಂದ್ರೆ ಘಟನೆ. ಏನೋ ಆಯ್ತು ಅಂತ ಹೇಳೋದು. ತೆಳು ಗೆರೆಯ ವೃತ್ತ ಶುರು: ನಾಡಕಚೇರಿಗೆ ಅರ್ಜಿ ಬಂತು. ಎರಡು ಗೆರೆಯ ವೃತ್ತ ನಡುವಿನ ಘಟನೆ: ನೋಟಿಸ್ ಅವಧಿ ಮುಗೀತು. ಒಳಗೆ ಗಡಿಯಾರ ಇದ್ರೆ ಸಮಯ, ಲಕೋಟೆ ಇದ್ರೆ ಸಂದೇಶ. ದಪ್ಪ ಗೆರೆಯ ವೃತ್ತ ಕೊನೆ: ಪಹಣಿಯಲ್ಲಿ ಹೆಸರು ಬಂತು.

ಮೂಲೆ ದುಂಡಾದ ಆಯತ ಅಂದ್ರೆ ಕೆಲಸ. ಯಾರೋ ಏನೋ ಮಾಡ್ತಾರೆ. ಅದನ್ನ ಕ್ರಿಯಾಪದದಲ್ಲೇ ಬರೀಬೇಕು. 'ವಂಶವೃಕ್ಷ' ಅಂತ ಬರೆದ್ರೆ ತಪ್ಪು, 'ವಂಶವೃಕ್ಷ ಪರಿಶೀಲಿಸು' ಅಂದ್ರೆ ಸರಿ.

ವಜ್ರ ಅಂದ್ರೆ ಕವಲು. ಇಲ್ಲೇ ಎಲ್ಲರೂ ಎಡವೋದು. ಒಳಗೆ ಗುಣಾಕಾರ ಚಿಹ್ನೆ ಇದ್ರೆ ಒಂದೇ ದಾರಿ: ತಕರಾರು ಇಲ್ಲ ಅಂದ್ರೆ ಆರ್‌ಐ ಹತ್ರ, ಇದೆ ಅಂದ್ರೆ ವಿಚಾರಣೆಗೆ. ಎರಡೂ ಕಡೆ ಹೋಗೋಹಾಗಿಲ್ಲ. ಒಳಗೆ ಕೂಡು ಚಿಹ್ನೆ ಇದ್ರೆ ಎಲ್ಲಾ ದಾರಿಯೂ ಒಟ್ಟಿಗೆ. ನಮ್ಮೂರ ಜಾತ್ರೆಗೆ ಹೊರಡೋ ಗಾಡಿ ನೆನಪಿಸ್ಕೊಳ್ಳಿ. ಒಬ್ಬರು ಎತ್ತಿನ ಮೈ ತೊಳೀತಾರೆ, ಒಬ್ಬರು ಗಾಡಿಗೆ ಕಮಾನು ಕಟ್ತಾರೆ, ಒಳಗೆ ಬುತ್ತಿ ಕಟ್ತಿರ್ತಾರೆ. ಮೂರೂ ಏಕಕಾಲಕ್ಕೆ ನಡೀತವೆ, ಆದ್ರೆ ಮೂರೂ ಮುಗೀದೆ ಗಾಡಿ ಹೊರಡಲ್ಲ. ಅದಕ್ಕೇ ಕೂಡು ಚಿಹ್ನೆಯ ವಜ್ರ ಎರಡು ಬೇಕು, ಒಡೆಯೋಕೆ ಒಂದು, ಸೇರಿಸೋಕೆ ಒಂದು. ಒಳಗೆ ಸೊನ್ನೆ ಇದ್ರೆ ಒಂದೋ ಎರಡೋ ಎಲ್ಲವೋ, ಅವತ್ತಿನ ಸಂದರ್ಭ ನೋಡ್ಕೊಂಡು.

ಭಾಗ 6/10: ಗೆರೆ, ಕೊಳ, ಕಾಗದ

ಆಕಾರ ಆಯ್ತು, ಈಗ ಜೋಡಿಸೋದು.

ಗಟ್ಟಿ ಗೆರೆಯ ಬಾಣ: ಇದಾದ ಮೇಲೆ ಇದು. ಕಡಿಕಡಿ ಗೆರೆಯ ಬಾಣ: ಸಂದೇಶ. ಚುಕ್ಕಿ ಗೆರೆ: ಟಿಪ್ಪಣಿನೋ ಕಾಗದನೋ ಅಂಟಿಸೋಕೆ.

ಪೂಲ್ ಅಂದ್ರೆ ಕೊಳ, ಒಂದು ಸಂಸ್ಥೆ ಅಥವಾ ಒಂದು ಪಕ್ಷ. ಲೇನ್ ಅಂದ್ರೆ ಅದರೊಳಗಿನ ಪಟ್ಟಿ. ನನ್ನ ಚಿತ್ರದಲ್ಲಿ ಎರಡು ಕೊಳ: ನಮ್ಮ ಮನೆ ಒಂದು, ಕಂದಾಯ ಇಲಾಖೆ ಒಂದು. ಇಲಾಖೆಯ ಕೊಳದಲ್ಲಿ ನಾಲ್ಕು ಪಟ್ಟಿ: ನಾಡಕಚೇರಿ, ಗ್ರಾಮ ಆಡಳಿತ ಅಧಿಕಾರಿ, ಆರ್‌ಐ, ತಹಶೀಲ್ದಾರ್. ಒಂದು ಕೊಳದೊಳಗೆ ಗಟ್ಟಿ ಬಾಣ ಎಲ್ಲಿಗಾದ್ರೂ ಹೋಗಬಹುದು. ಆದ್ರೆ ಒಂದು ಕೊಳದಿಂದ ಇನ್ನೊಂದಕ್ಕೆ ಗಟ್ಟಿ ಬಾಣ ಹೋಗೋಹಾಗಿಲ್ಲ, ಕಡಿಕಡಿ ಬಾಣ ಮಾತ್ರ.

ಯಾಕೆ ಅಂತ ಮೊದಲು ಅರ್ಥ ಆಗಿರಲಿಲ್ಲ. ಆಮೇಲೆ ಹೊಳೀತು. ಗಟ್ಟಿ ಬಾಣ ಅಂದ್ರೆ ಹಿಡಿತ. ಇಲಾಖೆ ತನ್ನ ನೌಕರರಿಗೆ 'ಇದಾದ ಮೇಲೆ ಇದು ಮಾಡು' ಅನ್ನಬಹುದು. ನಮ್ಮ ಮನೆಯವರಿಗೆ ಹಾಗನ್ನೋಕಾಗಲ್ಲ, ನೋಟಿಸ್ ಕಳಿಸಬಹುದು ಅಷ್ಟೇ. ನಾವೂ ಇಲಾಖೆಗೆ ಅರ್ಜಿ ಕೊಡಬಹುದು ಅಷ್ಟೇ. ಕಳಿಸಿದ್ಮೇಲೆ ಆ ಕಡೆಯವರು ಏನು ಮಾಡ್ತಾರೆ ಅನ್ನೋದು ಅವರ ಕೊಳದ ವಿಚಾರ.

ಕೊನೇದು, ಮೂಲೆ ಮಡಚಿದ ಹಾಳೆ: ಕಾಗದ ಪತ್ರ, ಮಾಹಿತಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಎಲ್ಲಾ ಈ ಆಕಾರ. ಕಾಗದ ತಾನಾಗಿ ಏನೂ ಮಾಡಲ್ಲ, ಅದಕ್ಕೇ ಅದಕ್ಕೆ ಚುಕ್ಕಿ ಗೆರೆ.

ಭಾಗ 7/10: ಒಂದೇ ಪಟ್ಟಿಯ ಕಾಲ

ಈಗ ಪಹಣಿ ಕಥೆ. ನಮ್ಮಜ್ಜನ ಕಾಲದ ಚಿತ್ರ ಬರೆದ್ರೆ ಇಲಾಖೆ ಕೊಳದಲ್ಲಿ ಹೆಚ್ಚುಕಮ್ಮಿ ಒಂದೇ ಪಟ್ಟಿ ಕಾಣುತ್ತೆ: ಶಾನುಭೋಗರದ್ದು. ಲೆಕ್ಕದ ಪುಸ್ತಕ ಅವರ ಮನೇಲಿ. ಬರೆಯೋರು ಅವರು, ತಿದ್ದೋರು ಅವರು, ನಕಲು ಕೊಡೋರು ಅವರು. ಹುದ್ದೆ ಅಪ್ಪನಿಂದ ಮಗನಿಗೆ. ಒಂದೇ ಪಟ್ಟಿಯಲ್ಲಿ ಡಬ್ಬಿ, ವಜ್ರ, ಕಾಗದ ಎಲ್ಲಾ. ಚಿತ್ರ ನೋಡೋಕೆ ತುಂಬಾ ಸರಳ. ಆದ್ರೆ ವಜ್ರದೊಳಗೆ ಯಾವ ನಿಯಮ ಇದೆ ಅಂತ ಹೊರಗಿನವರಿಗೆ ಕಾಣಲ್ಲ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಈ ವಂಶಪಾರಂಪರ್ಯ ಪದ್ಧತಿ ತೆಗೀತು. ಸಂಬಳದ ಗ್ರಾಮ ಲೆಕ್ಕಿಗರು ಬಂದ್ರು. 1964ರ ಭೂ ಕಂದಾಯ ಕಾಯ್ದೆ ಹಕ್ಕು ಬದಲಾವಣೆಗೆ ಕ್ರಮ ಹಾಕಿಕೊಡ್ತು: ಹಕ್ಕು ಬಂದವರು ಮೂರು ತಿಂಗಳೊಳಗೆ ತಿಳಿಸಬೇಕು, ನೋಟಿಸ್ ಹಾಕಬೇಕು, ತಕರಾರು ಬಂದ್ರೆ ವಿಚಾರಣೆ ಆಗಬೇಕು.

ಕಾಗದದ ಮೇಲೆ ಪಟ್ಟಿಗಳು ಹೆಚ್ಚಾದ್ವು. ಪುಸ್ತಕ ಮಾತ್ರ ಒಬ್ಬರ ಕೈಯಲ್ಲೇ ಉಳೀತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು, ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಅವರು ಇವತ್ತು ಯಾವ ಹಳ್ಳೀಲಿದ್ದಾರೆ ಅಂತ ಹುಡುಕೋದೇ ರೈತನಿಗೆ ಮೊದಲ ಕೆಲಸ. ಒಂದು ನಕಲಿಗೆ ದಿನಗಟ್ಟಲೆ ಅಲೆದಾಟ, ಕೈ ಬಿಸಿ ಮಾಡೋದು ಬೇರೆ. ಯಾರ ಅರ್ಜಿ ಮೊದಲು ಬಂತು, ಯಾರದ್ದು ಮೊದಲು ಆಯ್ತು ಅಂತ ಕೇಳೋಕೆ ದಾರಿ ಇರಲಿಲ್ಲ.

ಭಾಗ 8/10: ಭೂಮಿ

1991ರಲ್ಲಿ ಕೇಂದ್ರದ ಹಣದಲ್ಲಿ ಭೂ ದಾಖಲೆ ಕಂಪ್ಯೂಟರೀಕರಣದ ಮೊದಲ ಪ್ರಯೋಗ ರಾಜ್ಯದಲ್ಲಿ ನಡೀತು, 1996ರ ವೇಳೆಗೆ ಎಲ್ಲಾ ಜಿಲ್ಲೆಗೂ ಮಂಜೂರಾಯ್ತು. ಕೈಗೂಡಲಿಲ್ಲ. ಯಾಕೆ ಅಂತ ಚಿತ್ರ ನೋಡಿದ್ರೆ ಗೊತ್ತಾಗುತ್ತೆ. ಪಹಣಿ ತಿದ್ದುಪಡಿ ನಡೆಯೋದು ತಾಲ್ಲೂಕು ಮಟ್ಟದಲ್ಲಿ, ಅಲ್ಲಿ ಕಂಪ್ಯೂಟರ್ ಇಡೋಕೆ ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಇವತ್ತು ಟೈಪ್ ಮಾಡಿದ್ದು ನಾಳೆ ಹಳೇದು. ಮೂಲೆ ಮಡಚಿದ ಹಾಳೆಯನ್ನ ಮಾತ್ರ ಕಂಪ್ಯೂಟರಿಗೆ ಹಾಕಿದ್ರು, ಬಾಣಗಳನ್ನ ಮುಟ್ಟಲಿಲ್ಲ.

2000ದ ಹೊತ್ತಿಗೆ ಬಂದ 'ಭೂಮಿ' ಯೋಜನೆ ಬಾಣಗಳನ್ನೇ ಬದಲಾಯಿಸ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಮುಂದಾಳು, ಸಾಫ್ಟ್‌ವೇರ್ ಎನ್‌ಐಸಿಯದ್ದು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಕಂಪ್ಯೂಟರಿಗೆ ಬಂತು. ತಾಲ್ಲೂಕು ಕಚೇರೀಲಿ ಕಿಯಾಸ್ಕ್, 15 ರೂಪಾಯಿಗೆ ನಕಲು. ಕೈಬರಹದ ಪಹಣಿಗೆ ಮಾನ್ಯತೆ ನಿಲ್ಲಿಸಿದ್ರು. ಎರಡು ಪದ್ಧತಿ ಒಟ್ಟಿಗೆ ಉಳಿದ್ರೆ ಜನ ಹಳೇದಕ್ಕೇ ಹೋಗ್ತಾರೆ ಅಂತ.

ನನಗೆ ಇಷ್ಟ ಆಗಿದ್ದು ಸಣ್ಣ ಬದಲಾವಣೆಗಳು. ಒಂದು, ಮೊದಲು ಬಂದ ಹಕ್ಕು ಬದಲಾವಣೆ ಅರ್ಜಿ ಮೊದಲು. ಸಾಲು ದಾಟಿಸೋಕೆ ಸಾಫ್ಟ್‌ವೇರ್ ಬಿಡಲ್ಲ. ಎರಡು, ಬೆರಳಚ್ಚು ಕೊಟ್ಟೇ ಸಿಬ್ಬಂದಿ ಒಳಗೆ ಹೋಗಬೇಕು. ಯಾವ ಪಟ್ಟಿಯವರು ಯಾವ ಡಬ್ಬಿ ಮುಟ್ಟಿದ್ರು ಅಂತ ದಾಖಲಾಗುತ್ತೆ. ಮೂರು, ಕಿಯಾಸ್ಕಲ್ಲಿ ಇನ್ನೊಂದು ಪರದೆ ಜನರ ಕಡೆಗೆ ತಿರುಗಿಸಿಟ್ರು. ಬೇರೆ ಕೊಳದವರಿಗೂ ಒಳಗಿನ ಕೆಲಸ ಕಾಣೋ ಹಾಗೆ ಮಾಡೋದು ಅಂದ್ರೆ ಇದೇ. ನಾಲ್ಕನೇ ಭಾಗದಲ್ಲಿ ಹೇಳಿದ ಹ್ಯಾಮರ್ ಮಾತು ನೆನಪಿಸ್ಕೊಳ್ಳಿ.

ಭಾಗ 9/10: ಚಿತ್ರದಲ್ಲಿ ಇಲ್ಲದ ಬಾಣ

ಎಲ್ಲಾ ಚೆನ್ನಾಗಾಯ್ತಾ? ಇಲ್ಲ. ಮೊದಲು ಪುಸ್ತಕ ಹಳ್ಳಿ ಸುತ್ತಮುತ್ತ ಇತ್ತು, ಆಮೇಲೆ ತಾಲ್ಲೂಕಿಗೆ ಹೋಯ್ತು. ಅಜ್ಜ ಹೇಳ್ತಿದ್ರು, ನಕಲು 15 ರೂಪಾಯಿ, ಆದ್ರೆ ಬಸ್ ಚಾರ್ಜು, ಒಂದು ದಿನದ ಕೂಲಿ ಬೇರೆ ಅಂತ. ಬಿಪಿಎಂಎನ್ ಚಿತ್ರದಲ್ಲಿ ಇದು ಎಲ್ಲೂ ಕಾಣಲ್ಲ. ಗಿಲ್‌ಬ್ರೆತ್ ಪರಂಪರೆಯ ಚಾರ್ಟಲ್ಲಿ ಸಾಗಣೆಗೆ ಬೇರೆ ಚಿಹ್ನೆ ಇತ್ತಲ್ಲ, ಹೊಸ ಲಿಪಿಯಲ್ಲಿ ಅದಿಲ್ಲ. ಮನೆಯಿಂದ ಕಚೇರಿಗೆ ಒಂದು ಕಡಿಕಡಿ ಗೆರೆ, ಅಷ್ಟೇ. ಆ ಗೆರೆಯ ಮೇಲೆ ಬಿಸಿಲಲ್ಲಿ ಬಸ್ಸಿಗೆ ಕಾಯ್ತಿರೋ ಅಜ್ಜ ಕಾಣಲ್ಲ. ಆಮೇಲೆ ಹೋಬಳಿ ನಾಡಕಚೇರಿ, ಆನ್‌ಲೈನ್ ಪಹಣಿ ಬಂದು ಆ ಗೆರೆ ಗಿಡ್ಡ ಆಗಿದೆ.

ಸೋಲೋಮನ್ ಬೆಂಜಮಿನ್ ಮತ್ತು ಜೊತೆಗಾರರು 2007ರಲ್ಲಿ ಇನ್ನೂ ಖಾರವಾಗಿ ಬರೆದ್ರು: ದಾಖಲೆ ಒಂದೇ ಕಡೆ ಸೇರಿದ್ದು ಬೆಂಗಳೂರು ಸುತ್ತ ದೊಡ್ಡ ಭೂ ವ್ಯವಹಾರದವರಿಗೆ ಅನುಕೂಲ ಆಯ್ತು, ಸಣ್ಣವರಿಗಲ್ಲ ಅಂತ. ಚಿತ್ರ ಯಾರು ಬರೀತಾರೋ ಅವರ ಕಣ್ಣಿಗೆ ಕಂಡಿದ್ದೇ ಅದರಲ್ಲಿ ಇರುತ್ತೆ.

ಕಾಯೋದಕ್ಕೆ ಮಾತ್ರ ನಮ್ಮ ರಾಜ್ಯ ಒಂದು ಗಡಿಯಾರ ಹಾಕ್ತು. ಅದು ಸಕಾಲ. 2011ರ ಕಾಯ್ದೆ, ರಾಜ್ಯದಾದ್ಯಂತ ಜಾರಿ 2012ರ ಏಪ್ರಿಲ್ 2, ಆಗ 11 ಇಲಾಖೆಯ 151 ಸೇವೆ. ಅರ್ಜಿಗೊಂದು 15 ಅಂಕಿಯ ನಂಬರು. ದಿನ ಮೀರಿದ್ರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಬಿಪಿಎಂಎನ್ ಭಾಷೇಲಿ ಹೇಳೋದಾದ್ರೆ ಪ್ರತಿ ಡಬ್ಬಿಯ ಅಂಚಿಗೂ ಗಡಿಯಾರದ ವೃತ್ತ ಅಂಟಿಸಿದ ಹಾಗೆ.

ಭಾಗ 10/10: ಶುರುವಾಗದ ವೃತ್ತ

ಚಿತ್ರ ಮುಗಿಸಿ ಅಪ್ಪನಿಗೆ ತೋರಿಸಿದೆ. 'ಇಷ್ಟೆಲ್ಲಾ ಸುಲಭ ಇದ್ರೆ ನಮ್ಮದು ಯಾಕಪ್ಪ ಆರು ವರ್ಷ ಆಯ್ತು?' ಅಂದೆ. ಅಪ್ಪ ಮಾತಾಡಲಿಲ್ಲ. ದೊಡ್ಡಪ್ಪನೂ ಇದ್ರು, ಅವರೂ ಮಾತಾಡಲಿಲ್ಲ. ಅಮ್ಮ ಒಳಗಿಂದಲೇ ಹೇಳಿದ್ರು: 'ಅರ್ಜಿ ಕೊಟ್ಟಿದ್ರೆ ತಾನೇ?'

ಆರು ವರ್ಷ ನಾನು ಕಚೇರಿದೇ ತಡ ಅಂದ್ಕೊಂಡಿದ್ದೆ. ತೆಳು ಗೆರೆಯ ಮೊದಲ ವೃತ್ತವೇ ಆಗಿರಲಿಲ್ಲ. ಅದು ಇದ್ದಿದ್ದು ನಮ್ಮ ಕೊಳದಲ್ಲಿ.

ಯಾಕೆ ಅಂದ್ರೆ ವಂಶವೃಕ್ಷ. ಅದರಲ್ಲಿ ಎಲ್ಲಾ ಮಕ್ಕಳ ಹೆಸರು ಬರಬೇಕು, ಅಂದ್ರೆ ಇಬ್ಬರು ಅತ್ತೆಯರದ್ದೂ. ಅಪ್ಪ ವಿಲ್ ಬರೀದೆ ತೀರಿಕೊಂಡ್ರೆ ಅವರ ಸ್ವಂತ ಆಸ್ತಿಗೆ ಮಗಳೂ ವಾರಸುದಾರಳು ಅಂತ 1956ರ ಕಾಯ್ದೆಯಲ್ಲೇ ಇದೆ. ಪಿತ್ರಾರ್ಜಿತ ಆಸ್ತೀಲೂ ಮಗಳಿಗೆ ಮಗನ ಸಮ ಹಕ್ಕು ಅಂತ 2005ರ ತಿದ್ದುಪಡಿ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಇನ್ನೂ ಗಟ್ಟಿ ಮಾಡ್ತು. ಮನೇಲಿ ಯಾರೂ 'ಕೊಡಲ್ಲ' ಅಂದಿರಲಿಲ್ಲ. ಕೇಳೋ ಹಾಗಾಗೋದೇ ಬೇಡ ಅಂತ ಸುಮ್ಮನಿದ್ರು.

ಆಮೇಲೆ ನನ್ನ ಚಿತ್ರ ಮತ್ತೆ ನೋಡಿದೆ. ನಮ್ಮ ಮನೆ ಕೊಳದಲ್ಲಿ ಎರಡು ಪಟ್ಟಿ ಬರೆದಿದ್ದೆ: ಅಪ್ಪ, ದೊಡ್ಡಪ್ಪ. ಅತ್ತೆಯರಿಗೆ ಪಟ್ಟಿನೇ ಇರಲಿಲ್ಲ. ಬರೆದಿದ್ದು ಯಾರು? ಮನೆ ಮಗಳಾದ ನಾನೇ. ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲೇ ಹೇಳಿದ ದೊಡ್ಡ ತಪ್ಪು ಇದೇ.

ದೊಡ್ಡತ್ತೆಗೆ ಫೋನ್ ಮಾಡಿದೆ. ಎಲ್ಲಾ ಕೇಳಿಸ್ಕೊಂಡು ಅಂದ್ರು: 'ನಂಗೆ ಜಮೀನು ಬೇಕೋ ಬೇಡ್ವೋ ಅದು ಆಮೇಲಿನ ಮಾತು ಕಣೇ. ಕೇಳೋಕೆ ಆರು ವರ್ಷ ಬೇಕಾಯ್ತಾ ಅಂತ ನಿಮ್ಮಪ್ಪಂಗೆ ಕೇಳು.' ಸ್ಪೀಕರಲ್ಲಿತ್ತು, ಅಪ್ಪನಿಗೂ ಕೇಳಿಸ್ತು. ಮಾರನೇ ದಿನ ಅಪ್ಪನೇ ಇಬ್ಬರಿಗೂ ಫೋನ್ ಮಾಡಿದ್ರು.

ಮೂರನೇ ಫೋಟೋ ಹೊಸ ಚಿತ್ರ. ನಮ್ಮ ಕೊಳದಲ್ಲಿ ಈಗ ನಾಲ್ಕು ಪಟ್ಟಿ, ಮಧ್ಯೆ ಕೂಡು ಚಿಹ್ನೆಯ ವಜ್ರ. ನಾಲ್ಕೂ ಜನರದ್ದು ಬಂದು ಸೇರದೆ ಬಾಣ ಮುಂದಕ್ಕೆ ಹೋಗಲ್ಲ. ಚಿಕ್ಕತ್ತೆ ಆಧಾರ್ ಜೆರಾಕ್ಸ್ ಬರೋದು ಬಾಕಿ ಇದೆ. ಬಂದ ಮೇಲೆ ವಂಶವೃಕ್ಷಕ್ಕೆ ಅರ್ಜಿ. ಹೆಸರು ಜಂಟಿಯಾಗಿ ಬರುತ್ತೋ, ಅತ್ತೆಯರು ಬಿಟ್ಟುಕೊಡ್ತಾರೋ, ಪಾಲಾಗುತ್ತೋ ಗೊತ್ತಿಲ್ಲ. ಅದು ಮುಂದಿನ ವಜ್ರ.

ಇದು ನಮ್ಮ ಮನೆ ಒಂದರ ಕಥೆ ಅಲ್ಲ. ಹೀಗೆ ತೀರಿಕೊಂಡವರ ಹೆಸರಲ್ಲೇ ಉಳಿದ ಪಹಣಿ ರಾಜ್ಯದಲ್ಲಿ ಲಕ್ಷಗಟ್ಟಲೆ ಇವೆ. ಅದಕ್ಕೇ ಕಂದಾಯ ಇಲಾಖೆ ಈಗ ಇ-ಪೌತಿ ಅಂತ ಆಂದೋಲನ ಮಾಡಿ, ಗ್ರಾಮ ಆಡಳಿತ ಅಧಿಕಾರಿಗಳನ್ನ ಮನೆ ಬಾಗಿಲಿಗೇ ಕಳಿಸ್ತಿದೆ. ಮೊದಲ ವೃತ್ತವನ್ನ ನಮ್ಮ ಕೊಳದಿಂದ ತಮ್ಮ ಕೊಳಕ್ಕೆ ಎಳ್ಕೊಂಡ ಹಾಗೆ. ಆದ್ರೂ ಅವರು ಬಂದು ಕೂತಾಗ ಮನೇಲಿ ಎಷ್ಟು ಹೆಸರು ಹೇಳ್ತೀವಿ ಅನ್ನೋದು ನಮಗೇ ಬಿಟ್ಟಿದ್ದು.

ಇವತ್ತು ರಾತ್ರಿ ನಿಮ್ಮ ಮನೆ ಪಹಣಿ ತೆಗೆದು 9ನೇ ಕಾಲಂ ನೋಡಿ. ಯಾರ ಹೆಸರಿದೆ ಅಂತ ಕಾಮೆಂಟಲ್ಲಿ ಬರೀಬೇಡಿ, ಮನೇಲಿ ಕೇಳಿ.

#ಅಂತರಘಟ್ಟೆ #ಅಜ್ಜಂಪುರ #ಪಹಣಿ #ಪೌತಿಖಾತೆ #ಬಿಕಾಂನೋಟ್ಸ್ #ಬಿಪಿಎಂಎನ್ #ಕನ್ನಡದಲ್ಲಿಕಾಮರ್ಸ್